ಚರಿತ್ರೆಯ ಪಾಠವೂ ಹಳೆಯ ಕಲ್ಲುಗಳೂ

“ಪರೀಕ್ಷೆಗೆ ಬಾರದ ನಾಯಿಯೊಂದರ ಕಥೆಗಾಗಿ ಇಡೀ ದಿನವನ್ನೇಕೆ ವ್ಯಯಮಾಡಬೇಕು?” ಎಂದು ಪೋಷಕರಲ್ಲಿ ಕೆಲವರು ನಮ್ಮನ್ನು ಕೇಳಿರುವರು. ಪ್ರಶ್ನೆಯು ನ್ಯಾಯವಾದುದೇ, ಉತ್ತರ ಹೇಳುವುದು ನಮ್ಮ ಕರ್ತವ್ಯ.

1865ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ, ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಕ್ರಿ. ಶ. 949-50ರ ಶಿಲಾಶಾಸನವೊಂದುಂಟು. ಮಣಲೆರನೆಂಬ ವೀರನ ‘ಕಾಳಿ’ ಎಂಬ ಬೇಟೆನಾಯಿಯು ಕಾಡುಹಂದಿಯೊಡನೆ ಹೋರಾಡಿ ಅದರೊಡನೆಯೇ ಮಡಿಯಿತೆಂದೂ, ಅದರ ಸ್ಮರಣಾರ್ಥವಾಗಿ ಈ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟರೆಂದೂ ಅದು ತಿಳಿಸುತ್ತದೆ. ಈ ಕಥೆಯನ್ನು ಕೇಳಿದೊಡನೆ ಬಾಲಿಕೆಯರು ತಾವಾಗಿಯೇ ಕಲ್ಲಿನ ಬಳಿಗೆ ಸರಿಯುವರು.

ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಗಂಗರ ಬೂತುಗನು ಕೊಂದನೆಂದು ಅದೇ ಕಲ್ಲು ಹೇಳುತ್ತದೆ. ಅರ್ಧ ಶತಮಾನಕ್ಕೂ ಈಚೆಗೆ ಬರೆದ, ಲೈಡನ್ ತಾಮ್ರಶಾಸನವೆಂದು ಹೆಸರಾದ ಚೋಳರ ಶಾಸನವಾದರೋ, ಆನೆಯ ಮೇಲಿದ್ದ ಆತನು ರಾಷ್ಟ್ರಕೂಟ ಕೃಷ್ಣರಾಜನ ಬಾಣಗಳಿಂದ ಮಡಿದನೆನ್ನುತ್ತದೆ. ಯಾವುದನ್ನು ನಂಬಬೇಕು? ಹೇಳಿದವರಾರು, ಯಾವಾಗ ಹೇಳಿದರು, ಯಾರ ಕೀರ್ತಿಗಾಗಿ ಹೇಳಿದರು ಎಂದು ಮಕ್ಕಳೇ ವಿಚಾರಿಸತೊಡಗುವರು. ನಿಜವಾದ ಪಾಠವು ಇಲ್ಲಿಯೇ ಆರಂಭವಾಗುತ್ತದೆ.

ಹೀಗೆ ವಿಚಾರಿಸಲು ಕಲಿತ ಹುಡುಗಿಯು ನಾಳೆ ಕಿವಿಗೆ ಬಿದ್ದ ಮಾತನ್ನೆಲ್ಲ ನಂಬಳು. ಆಸ್ತಿಯ ಪತ್ರಕ್ಕೆ ಓದಿನೋಡದೆ ರುಜು ಹಾಕಳು. ಪರೀಕ್ಷೆಯ ಅಂಕಗಳಿಗಿಂತ ಇದು ಹೆಚ್ಚು ಕಾಲ ಅವಳನ್ನು ಕಾಯುವುದೆಂದು ನಮ್ಮ ದೃಢವಾದ ನಂಬಿಕೆ.

ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಬಿನ್ನಹ: ನಿಮ್ಮ ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಕಾಗದಗಳನ್ನೂ ಕ್ರಯಪತ್ರಗಳನ್ನೂ ರದ್ದಿಗೆ ಹಾಕಬೇಡಿರಿ. ಒಂದು ದಿನದ ಮಟ್ಟಿಗಾದರೂ ಅವನ್ನು ನಮ್ಮ ತರಗತಿಗೆ ತಂದು ತೋರಿಸಿರಿ.