ಬಚ್ಚಲಮನೆಯ ಹೊಸ್ತಿಲು

ಮನೆ ಕಟ್ಟುವ ಮನುಷ್ಯನು ಮೊಟ್ಟಮೊದಲು ಯೋಚಿಸುವುದು ತಲೆಬಾಗಿಲನ್ನು ಕುರಿತು. ಕಟ್ಟಕಡೆಗೆ ಯೋಚಿಸುವುದು ಬಚ್ಚಲನ್ನು ಕುರಿತು. ತಲೆಬಾಗಿಲಿಗೆ ಸಾಗುವಾನಿ ಬೇಕು, ಚೌಕಟ್ಟಿಗೆ ಕೆತ್ತನೆ ಬೇಕು, ಪಡಸಾಲೆಗೆ ಮುಖ ಕಾಣುವಂತೆ ಹೊಳೆಯುವ ಗ್ರಾನೈಟ್ ಬೇಕು. ಇಷ್ಟೆಲ್ಲ ಮುಗಿದು, ಕೈಯಲ್ಲಿದ್ದ ಹಣವೂ ಮುಗಿದ ಮೇಲೆ, ಉಳಿದ ಮೂಲೆಯಲ್ಲಿ ಉಳಿದ ಇಟ್ಟಿಗೆಯಿಂದ ನಾಲ್ಕು ಅಡಿಯ ಒಂದು ಗೂಡು ಏಳುತ್ತದೆ. ಅದೇ ನಮ್ಮ ಬಚ್ಚಲಮನೆ. ಬಂದ ಬೀಗರು ಪಡಸಾಲೆಯನ್ನು ಹೊಗಳಿ ಹೋಗುತ್ತಾರೆ. ಮನೆಯ ಅಜ್ಜಿ ಮಾತ್ರ ದಿನಕ್ಕೆ ಐದಾರು ಸಲ ಆ ಗೂಡಿನ ಹೊಸ್ತಿಲು ದಾಟಲು ಗೋಡೆ ಹಿಡಿದು ಒದ್ದಾಡುತ್ತಾಳೆ. ಬೀಗರು ವರ್ಷಕ್ಕೊಮ್ಮೆ ಬರುವವರು; ಅಜ್ಜಿ ನಿತ್ಯವೂ ಇರುವವಳು. ಹೀಗಿದ್ದರೂ ಹಣ ಹೋಗುವುದು ಪಡಸಾಲೆಗೆ. ಇದು ನಾವೆಲ್ಲ ಯೋಚಿಸತಕ್ಕ ವಿಷಯವೆಂದು ನನ್ನ ಅಭಿಪ್ರಾಯ.

ಕಾವ್ಯ, ಇತಿಹಾಸ, ರಾಜಕಾರಣಗಳ ಚರ್ಚೆ ನಡೆಯುವ ಕಾಲೇಜು ಸಂಚಿಕೆಯಲ್ಲಿ ಬಚ್ಚಲಿನ ಮಾತೇಕೆ ಎಂದು ಕೆಲವು ಮಿತ್ರರು ನಗಬಹುದು. ನಗುವ ಮುನ್ನ ಅವರು ತಮ್ಮ ಇತಿಹಾಸದ ಪಾಠವನ್ನು ನೆನೆಯಲಿ. ಸಿಂಧೂ ಕಣಿವೆಯ ಮೊಹೆಂಜೊದಾರೊ ಪಟ್ಟಣವನ್ನು ನಾವು ಕೊಂಡಾಡುವುದು ಏತಕ್ಕೆ? ಅಲ್ಲಿ ದೊಡ್ಡ ಅರಮನೆ ಇತ್ತೆಂದಲ್ಲ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಅಲ್ಲಿಯ ಮನೆಮನೆಗಳಲ್ಲಿ ಇಟ್ಟಿಗೆ ಹಾಸಿದ ಬಚ್ಚಲುಗಳಿದ್ದವು, ಅವುಗಳ ನೆಲ ಇಳಿಜಾರಾಗಿತ್ತು, ನೀರು ಬೀದಿಯ ಮೋರಿಗೆ ಹರಿದು ಹೋಗುತ್ತಿತ್ತು ಎಂಬುದಕ್ಕೆ. ಒಂದು ನಾಗರಿಕತೆಯನ್ನು ಅದರ ಬಚ್ಚಲಿನಿಂದ ಅಳೆಯಬಹುದಾದರೆ, ಒಂದು ಮನೆಯನ್ನು ಏಕೆ ಅಳೆಯಬಾರದು?

ನಮ್ಮ ಗುಡೂರು ನೇಕಾರರ ಊರು. ಇಳಕಲ್ ಸೀರೆ ಎಂದು ನಾಡೆಲ್ಲ ಕೊಂಡಾಡುವ ಸೀರೆ ಇಳಕಲ್ಲಿನಲ್ಲಿ ಮಾತ್ರವಲ್ಲದೆ ಸುತ್ತಲಿನ ಊರುಗಳ ಮಗ್ಗಗಳಲ್ಲಿಯೂ ಹುಟ್ಟುತ್ತದೆ. ಕುಣಿಮಗ್ಗದ ಅಂಚಿನಲ್ಲಿ ಕುಳಿತು, ಕುಣಿಯೊಳಗೆ ಕಾಲಿಳಿಸಿ, ಮೆಟ್ಟನ್ನು ಒತ್ತುತ್ತ ಒಂದು ಆಯುಷ್ಯವನ್ನೇ ಕಳೆದ ಹಿರಿಯರು ನಮ್ಮ ಓಣಿಗಳಲ್ಲಿದ್ದಾರೆ. ಅವರ ಮೊಣಕಾಲು, ನಡು, ಕಣ್ಣು ಮೂರೂ ವಯಸ್ಸಿಗಿಂತ ಮುಂಚೆ ದಣಿದಿವೆ. ಇಂಥವರು ನಸುಕಿನಲ್ಲಿ ಎದ್ದು, ಹಿತ್ತಲಿನ ಮೂರು ಮೆಟ್ಟಿಲು ಹತ್ತಿ, ಕುಕ್ಕರಗಾಲಲ್ಲಿ ಕುಳಿತು, ಮತ್ತೆ ಏಳಬೇಕು. ಏಳುವಾಗ ಹಿಡಿಯಲು ಅವರಿಗೆ ಸಿಗುವುದು ನಲ್ಲಿ ಮಾತ್ರ. ಆ ನಲ್ಲಿಯೋ ಮನುಷ್ಯನ ಭಾರ ತಡೆಯಲು ಮಾಡಿದ್ದಲ್ಲ.

ಅವರು ಬಾಯಿಬಿಟ್ಟು ದೂರುವುದಿಲ್ಲ. ದೂರುವುದಕ್ಕೆ ಬದಲಾಗಿ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ. "ಸಂಜೀಮ್ಯಾಲೆ ನನಗ ನೀರು ಬ್ಯಾಡವಾ, ರಾತ್ರಿ ಏಳೂದಾಗೂದಿಲ್ಲ" ಎನ್ನುವ ಅಜ್ಜಿಯ ಮಾತನ್ನು ಮನೆಯವರು ಅಭ್ಯಾಸವೆಂದು ತಿಳಿಯುತ್ತಾರೆ. ಅದು ಅಭ್ಯಾಸವಲ್ಲ, ಹೆದರಿಕೆ. ಬಿಸಿಲು ಸುಡುವ ನಮ್ಮ ಸೀಮೆಯ ಏಪ್ರಿಲ್-ಮೇ ತಿಂಗಳುಗಳಲ್ಲಿ ನೀರನ್ನು ಬಿಡುವುದೆಂದರೆ ಆರೋಗ್ಯವನ್ನೇ ಬಿಟ್ಟಂತೆ. ಒಂದು ಕೆಟ್ಟ ಹೊಸ್ತಿಲು ಹೀಗೆ ಒಬ್ಬರ ಬಾಯಾರಿಕೆಯನ್ನೂ ಆಳುತ್ತದೆ ಎಂಬುದನ್ನು ನಾವು ಗಮನಿಸಿದ್ದೇವೆಯೆ?

ಇದು ಕೆಲವೇ ಜನರ ಕಷ್ಟವೆಂದು ತಿಳಿಯಬಾರದು. 2011ರ ಜನಗಣತಿಯಂತೆ ಭಾರತದಲ್ಲಿ ಅಂಗವಿಕಲರು 2.68 ಕೋಟಿ; ಕರ್ನಾಟಕದಲ್ಲಿ ಅವರು ಸುಮಾರು 13.24 ಲಕ್ಷ. ಈ ಲೆಕ್ಕದಲ್ಲಿ ಮೊಣಕಾಲು ನೋಯುವ ಅಜ್ಜಿ ಸೇರುವುದಿಲ್ಲ. ತುಂಬು ಗರ್ಭಿಣಿ ಸೇರುವುದಿಲ್ಲ. ಬೈಕಿನಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ತರುಣನೂ ಸೇರುವುದಿಲ್ಲ. ಮುಪ್ಪು ಎಲ್ಲರಿಗೂ ಬರತಕ್ಕದ್ದು. ಆದುದರಿಂದ ಬಚ್ಚಲನ್ನು ಸುಗಮಗೊಳಿಸುವುದು ಯಾರೋ ಒಬ್ಬರಿಗೆ ಮಾಡುವ ದಯೆಯಲ್ಲ. ನಾವು ನಮಗೇ ಮಾಡಿಕೊಳ್ಳುವ ಉಪಕಾರ.

ಹೊಸ್ತಿಲಿನ ಮಾತಿಗೆ ಬರೋಣ. ತಲೆಬಾಗಿಲ ಹೊಸ್ತಿಲಿಗೆ ನಮ್ಮ ತಾಯಂದಿರು ಅರಿಶಿನ ಕುಂಕುಮವಿಟ್ಟು ಪೂಜಿಸುತ್ತಾರೆ. ಅದನ್ನು ತೆಗೆಯಿರೆಂದು ಯಾರೂ ಹೇಳುವುದಿಲ್ಲ. ಆದರೆ ಬಚ್ಚಲ ಹೊಸ್ತಿಲನ್ನು ಪೂಜಿಸುವವರನ್ನು ನಾನು ಕಂಡಿಲ್ಲ. ಅದು ಅಲ್ಲಿರುವುದು ನೀರು ಹೊರಗೆ ಬರಬಾರದೆಂಬ ಒಂದೇ ಕಾರಣಕ್ಕೆ. ಆ ಕೆಲಸವನ್ನು ನೆಲದ ಇಳಿಜಾರೇ ಮಾಡಬಲ್ಲದು. ಅಡಿಗೆ ಕಾಲು ಇಂಚಿನಂತೆ ಬಾಗಿಲ ಕಡೆಯಿಂದ ಎದುರುಗೋಡೆಯ ಕಡೆಗೆ ನೆಲವನ್ನು ಇಳಿಸಿ, ಅಲ್ಲಿ ಜಾಲರಿ ಕೂಡಿಸಿದರೆ ನೀರು ತಾನಾಗಿ ಹೋಗುತ್ತದೆ. ಬಾಗಿಲ ಬುಡದಲ್ಲಿ ಉದ್ದಕ್ಕೆ ಒಂದು ಸಣ್ಣ ಕಾಲುವೆ ಮಾಡಿ ಮೇಲೆ ಜಾಲರಿ ಮುಚ್ಚಿದರೆ ಉಳಿದ ಹನಿಯೂ ಅಲ್ಲೇ ನಿಲ್ಲುತ್ತದೆ. ನೀರನ್ನು ತಡೆಯಲು ಹೋಗಿ ಮನುಷ್ಯನನ್ನು ತಡೆಯುವುದು ಯಾವ ಜಾಣತನ?

ಮೆಟ್ಟಿಲಿದ್ದ ಕಡೆ ಇಳಿಜಾರು ದಾರಿ ಬೇಕು. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಎಂಬುದು ಅದಕ್ಕೆ ಒಪ್ಪಿತವಾದ ಲೆಕ್ಕ. ಅರ್ಧ ಅಡಿಯ ಮೆಟ್ಟಿಲಿಗೆ 6 ಅಡಿ. ಒಂದೂವರೆ ಅಡಿ ಎತ್ತರದ ಕಟ್ಟೆಯಾದರೆ 18 ಅಡಿ ಬೇಕಾಯಿತು. ನಮ್ಮ ಹಿತ್ತಲುಗಳಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಆದ್ದರಿಂದಲೇ ಕಟ್ಟುವಾಗಲೇ ಯೋಚಿಸಬೇಕು ಎನ್ನುವುದು. 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನದಲ್ಲಿ 12,000 ರೂಪಾಯಿಗಳ ಸಹಾಯಧನದಿಂದ ಹಳ್ಳಿಹಳ್ಳಿಗಳಲ್ಲಿ ಶೌಚಾಲಯಗಳು ಎದ್ದವು. ಅದು ದೊಡ್ಡ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎತ್ತರದ ಕಟ್ಟೆಯ ಮೇಲೆ, ಕಿರಿದಾದ ಬಾಗಿಲಿನ ಹಿಂದೆ ಇರುವ ಶೌಚಾಲಯ ಲೆಕ್ಕಕ್ಕೆ ಉಂಟು, ಹತ್ತಲಾರದವರ ಪಾಲಿಗೆ ಇಲ್ಲ.

ಇನ್ನು ಇಕ್ಕಟ್ಟಿನ ಮಾತು. "ನಮ್ಮ ಬಚ್ಚಲೇ ಸಣ್ಣದು, ಅದರಲ್ಲಿ ಗಾಲಿಕುರ್ಚಿ ಹೇಗೆ ತಿರುಗೀತು?" ಎಂದು ಕೇಳುವವರುಂಟು. ಇಲ್ಲಿಯೇ ಒಂದು ಸ್ವಾರಸ್ಯವಿದೆ. ಬಚ್ಚಲನ್ನು ಸುಗಮಗೊಳಿಸುವ ಉಪಾಯಗಳೂ ಅದನ್ನು ವಿಶಾಲಗೊಳಿಸುವ ಉಪಾಯಗಳೂ ಬೇರೆ ಬೇರೆಯಲ್ಲ, ಬಹುಮಟ್ಟಿಗೆ ಒಂದೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬಚ್ಚಲು 4 ಅಡಿಗೆ 5 ಅಡಿ. ಅದಕ್ಕೆ ಹೊಂದಿದ ಪಾಯಖಾನೆ 3 ಅಡಿಗೆ 5 ಅಡಿ. ನಡುವೆ ಅರ್ಧ ಇಟ್ಟಿಗೆಯ ಗೋಡೆ. ಗಾಲಿಕುರ್ಚಿ ಪೂರ್ತಿ ತಿರುಗಲು ಒಂದೂವರೆ ಮೀಟರ್, ಅಂದರೆ ಸುಮಾರು 5 ಅಡಿ ಅಡ್ಡಳತೆಯ ಜಾಗ ಬೇಕು. ಎರಡು ಕೋಣೆಗಳಲ್ಲಿ ಯಾವುದರಲ್ಲಿಯೂ ಅದಿಲ್ಲ. ನಡುವಿನ ಗೋಡೆಯನ್ನು ತೆಗೆದರೆ 7 ಅಡಿ 4 ಇಂಚಿಗೆ 5 ಅಡಿಯ ಒಂದೇ ಕೋಣೆಯಾಗುತ್ತದೆ. ಒಂದು ತುದಿಯಲ್ಲಿ ಕಮೋಡ್ 2 ಅಡಿ 4 ಇಂಚು ಹಿಡಿದರೂ 5 ಅಡಿಗೆ 5 ಅಡಿ ಬಯಲು ಉಳಿಯಿತು. ಒಂದಿಂಚು ನೆಲವನ್ನೂ ಕೊಳ್ಳಲಿಲ್ಲ. ಇದ್ದ ನೆಲವೇ ಕೂಡಿಬಂದಿತು. ಆದರೆ ಒಂದು ಎಚ್ಚರಿಕೆ ಅವಶ್ಯ. ನಮ್ಮ ಹಳೆಯ ಮನೆಗಳಲ್ಲಿ ಮಾಳಿಗೆಯ ಕಲ್ಲುಚಪ್ಪಡಿಗಳು ನಡುಗೋಡೆಯ ಮೇಲೆಯೇ ಕುಳಿತಿರುವುದುಂಟು. ಗೋಡೆ ಭಾರ ಹೊತ್ತಿದೆಯೋ ಇಲ್ಲವೋ ಎಂಬುದನ್ನು ತಿಳಿದ ಗೌಂಡಿಗೆ ತೋರಿಸದೆ ಸುತ್ತಿಗೆ ಎತ್ತಬಾರದು.

ಗೋಡೆ ತೆಗೆಯಲಾಗದಿದ್ದರೆ ಬಾಗಿಲನ್ನಾದರೂ ತಿರುಗಿಸಬಹುದು. ಎರಡೂವರೆ ಅಡಿಯ ಬಾಗಿಲು ಒಳಕ್ಕೆ ತೆರೆದರೆ ಅದು ಸುತ್ತುವ ಜಾಗವೇ ಸುಮಾರು 5 ಚದರಡಿ. 20 ಚದರಡಿಯ ಬಚ್ಚಲಿನಲ್ಲಿ ಕಾಲುಭಾಗವನ್ನು ಬಾಗಿಲೇ ನುಂಗಿದಂತಾಯಿತು. ಹೊರಕ್ಕೆ ತೆರೆಯುವಂತೆ ಮಾಡಿದರೆ ಆ ಕಾಲುಭಾಗ ಮರಳಿ ಬರುತ್ತದೆ. ಇನ್ನೊಂದು ಲಾಭವೂ ಇದೆ. ಒಳಗೆ ಯಾರಾದರೂ ಕುಸಿದು ಬಾಗಿಲಿಗೆ ಅಡ್ಡವಾಗಿ ಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲನ್ನು ಹೊರಗಿನವರು ತಳ್ಳುವಂತಿಲ್ಲ; ತಳ್ಳಿದರೆ ಬಿದ್ದವರಿಗೇ ಪೆಟ್ಟು. ಚಿಲಕವೂ ಹೊರಗಿನಿಂದ ತೆಗೆಯಲು ಬರುವಂಥದಾಗಿರಬೇಕು. ಬಾಗಿಲಿನ ಅಗಲವನ್ನು 3 ಅಡಿಗೆ ಹಿಗ್ಗಿಸಿದರೆ ಗಾಲಿಕುರ್ಚಿಗೂ, ವಾಕರ್ ಹಿಡಿದು ನಡೆಯುವವರಿಗೂ, ಕೈಹಿಡಿದು ಕರೆತರುವ ಸೊಸೆಗೂ ಒಟ್ಟಿಗೆ ದಾರಿಯಾಗುತ್ತದೆ.

ನೆಲದ ಮೇಲಿನ ಸಾಮಾನು ಎದ್ದಷ್ಟೂ ನೆಲ ಬೆಳೆಯುತ್ತದೆ. ಕೆಲವು ಮನೆಗಳಲ್ಲಿ ತಾಮ್ರದ ಹಂಡೆ ಮತ್ತು ಅದರ ಒಲೆ ಬಚ್ಚಲಿನ ಮೂರನೆಯ ಒಂದು ಪಾಲನ್ನು ಇಂದಿಗೂ ಆಳುತ್ತಿವೆ. ಮಾಳಿಗೆಯ ಮೇಲೆ ಸೂರ್ಯನಿಂದಲೇ ನೀರು ಕಾಯಿಸಬಹುದಾದ ಈ ಬಿಸಿಲ ನಾಡಿನಲ್ಲಿ ಹಂಡೆಗೆ ಹಿತ್ತಲಿನಲ್ಲಿ ನಿವೃತ್ತಿ ಕೊಡಬಹುದು. ಕಲ್ಲಿನ ದಪ್ಪ ಗೋಡೆಗಳಲ್ಲಿ ಗೂಡು ಬಿಡುವುದು ನಮ್ಮ ಹಿರಿಯರಿಗೆ ಗೊತ್ತಿದ್ದ ವಿದ್ಯೆ. ಸೋಪು, ತಂಬಿಗೆ, ಎಣ್ಣೆಗಳಿಗೆ ಕುಳಿತವರ ಕೈಗೆಟಕುವಂತೆ ಅಂಥ ಗೂಡು ಬಿಟ್ಟರೆ ನೆಲವೆಲ್ಲ ತೆರವು. ಎತ್ತರದಲ್ಲೊಂದು ಬೆಳಕಿಂಡಿ, ಗೋಡೆಗೆ ತಿಳಿಬಣ್ಣ ಇಷ್ಟಾದರೆ ಅದೇ ಬಚ್ಚಲು ಒಂದೂವರೆಪಟ್ಟು ದೊಡ್ಡದಾದಂತೆ ತೋರುತ್ತದೆ. ನೆಲಕ್ಕೂ ಗೋಡೆಗೂ ಬೇರೆ ಬೇರೆ ಬಣ್ಣವಿದ್ದರೆ ಕಣ್ಣು ಮಂದವಾದವರಿಗೆ ಅಂಚು ತಿಳಿಯುತ್ತದೆ.

ನೆಲದ ವಿಷಯದಲ್ಲಿ ನಮ್ಮ ಜನರ ಮೋಹ ವಿಪರೀತ. ಇಳಕಲ್ಲಿನ ಕೆಂಪು ಗ್ರಾನೈಟ್ ದೇಶಾಂತರಕ್ಕೂ ಹೋಗುವ ಕಲ್ಲು, ನಿಜ. ಆದರೆ ಕನ್ನಡಿಯಂತೆ ಹೊಳಪು ಕೊಟ್ಟ ಕಲ್ಲಿನ ಮೇಲೆ ಸೋಪಿನ ನೀರು ಬಿದ್ದರೆ ಕಾಲು ನಿಲ್ಲುವುದಿಲ್ಲ. ಬಚ್ಚಲಿಗೆ ಹೊಳಪು ಕೊಡದ ಒರಟು ಕಲ್ಲೇ ಶ್ರೇಷ್ಠ. ಅದು ಅಗ್ಗವೂ ಹೌದು. ಕಮೋಡಿನ ಆಸನ ನೆಲದಿಂದ 18-19 ಇಂಚು ಎತ್ತರವಿದ್ದರೆ ಏಳುವುದು ಸುಲಭ. ಹಿಡಿಯಲು ಒಂದೂಕಾಲು ಇಂಚಿನಿಂದ ಒಂದೂವರೆ ಇಂಚು ದಪ್ಪದ ಕೊಳವೆಯನ್ನು, ಆಸನಕ್ಕಿಂತ ಸುಮಾರು 8 ಇಂಚು ಮೇಲೆ, ಗೋಡೆಯಿಂದ ಎರಡಿಂಚು ಬಿಟ್ಟು ಭದ್ರವಾಗಿ ನೆಡಬೇಕು. ಮಣ್ಣಿನಲ್ಲಿ ಕಟ್ಟಿದ ಗೋಡೆಗೆ ಬರಿಯ ಸ್ಕ್ರೂ ಹೊಡೆದರೆ ಭಾರ ಬಿದ್ದ ದಿನವೇ ಅದು ಕಿತ್ತು ಬರುತ್ತದೆ. ಹಾಗೆ ನೆಟ್ಟ ಹಿಡಿಕೆ ಇಲ್ಲದ ಹಿಡಿಕೆಗಿಂತ ಅಪಾಯ. ಕಲ್ಲಿಗೋ ಕಾಂಕ್ರೀಟಿಗೋ ಅದು ಕಚ್ಚಿರಬೇಕು. ಇಷ್ಟೂ ಸಾಧ್ಯವಿಲ್ಲದ ಮನೆಯಲ್ಲಿ, ನಡುವೆ ತೂತಿರುವ ಭದ್ರವಾದ ಕುರ್ಚಿಯೊಂದನ್ನು ಹಳೆಯ ಪಾಯಖಾನೆಯ ಮೇಲಿಟ್ಟರೂ ಅರ್ಧ ಕಷ್ಟ ಕಳೆಯಿತು.

"ಹೊತ್ತು ಬಂದಾಗ ನೋಡಿಕೊಂಡರಾಯಿತು" ಎಂಬುದು ನಮ್ಮ ಸಾಮಾನ್ಯ ಉತ್ತರ. ಹೊತ್ತು ಬರುವುದು ಹೇಳಿ ಕೇಳಿ ಅಲ್ಲ. ಅದು ಬರುವುದು ಬಿದ್ದ ರಾತ್ರಿಯಲ್ಲಿ. ಆಮೇಲೆ ಆಸ್ಪತ್ರೆಗೆ ಕೊಡುವ ಹಣದ ಮುಂದೆ ಒಂದು ಹಿಡಿಕೊಳವೆಯ ಬೆಲೆ ಎಷ್ಟರದು? "ಪಾಯಖಾನೆ ಮನೆಯೊಳಗೆ ಬರಬಾರದು" ಎಂಬುದು ಇನ್ನೊಂದು ಉತ್ತರ. ಅದು ಹಿತ್ತಲಿನ ಮೂಲೆಗೆ ಹೋದುದಕ್ಕೆ ಮೈಲಿಗೆಯ ಭಾವನೆ ಒಂದು ಕಾರಣ. ಹೊಲಸನ್ನು ಇನ್ನೊಬ್ಬ ಮನುಷ್ಯ ಬಂದು ಹೊತ್ತೊಯ್ಯಬೇಕಾಗಿತ್ತೆಂಬುದು ಇನ್ನೊಂದು, ನಾಚಿಕೆಗೇಡಿನ ಕಾರಣ. ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ನಿಷೇಧಿಸಿದರು. 1993ರಲ್ಲಿಯೂ 2013ರಲ್ಲಿಯೂ ಕೇಂದ್ರದ ಕಾಯಿದೆಗಳು ಬಂದವು. ಕಾರಣವೇ ಹೋದ ಮೇಲೆ ಕತ್ತಲೆಯಲ್ಲಿ ಅಂಗಳ ದಾಟಿಸುವ ಶಿಕ್ಷೆ ಮುದುಕರಿಗೇಕೆ?

ಕಾಯಿದೆಯ ಮಾತನ್ನೂ ಹೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಶಿಕ್ಷಣ ಸಂಸ್ಥೆಗಳ ಕಟ್ಟಡಗಳೂ ಸೌಕರ್ಯಗಳೂ ಸುಗಮವಾಗಿರಬೇಕೆಂದು ವಿಧಿಸಿದೆ. ಇದ್ದ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ನಿಯಮಗಳು ಬಂದ ದಿನದಿಂದ ಐದು ವರ್ಷಗಳ ಅವಧಿ ಕೊಟ್ಟಿತ್ತು. ನಿಯಮಗಳು ಬಂದದ್ದು 2017ರಲ್ಲಿ. ಅವಧಿ 2022ಕ್ಕೆ ತೀರಿತು. ಇಂಥ ಅಳತೆಗಳು ಬರಿಯ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ರಾಜೀವ್ ರತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಹೇಳಿತು. ಅಮೆರಿಕದ ರೊನಾಲ್ಡ್ ಮೇಸ್ ಒಂಬತ್ತನೆಯ ವಯಸ್ಸಿನಲ್ಲಿ ಪೋಲಿಯೊ ತಗುಲಿ ಗಾಲಿಕುರ್ಚಿ ಹಿಡಿದವರು. ಕಾಲೇಜಿನಲ್ಲಿ ಅವರನ್ನು ಮೆಟ್ಟಿಲ ಮೇಲೆ ಹೊತ್ತೊಯ್ಯಬೇಕಾಗುತ್ತಿತ್ತು. ಶೌಚಾಲಯದ ಬಾಗಿಲಲ್ಲಿ ಅವರ ಕುರ್ಚಿ ಹಿಡಿಸುತ್ತಿರಲಿಲ್ಲ. ಮುಂದೆ ಅವರೇ ವಾಸ್ತುಶಿಲ್ಪಿಯಾಗಿ, ಎಲ್ಲರಿಗೂ ಒದಗುವಂತೆಯೇ ಮೊದಲಿನಿಂದ ಕಟ್ಟಬೇಕೆಂಬ ತತ್ತ್ವವನ್ನು ಜಗತ್ತಿಗೆ ಕೊಟ್ಟರು. ಬಾಗಿಲಲ್ಲಿ ಹಿಡಿಸದೆ ಓದನ್ನೇ ಬಿಟ್ಟವರು ಎಷ್ಟು ಜನರೋ! ಅವರ ಹೆಸರು ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ.

ಆದರೆ ಕಾಯಿದೆಯ ಕೈ ಸಾರ್ವಜನಿಕ ಕಟ್ಟಡದವರೆಗೆ ಮಾತ್ರ ಚಾಚುತ್ತದೆ. ನಮ್ಮ ನಮ್ಮ ಮನೆಯ ಬಚ್ಚಲಿಗೆ ಯಾವ ಇನ್‌ಸ್ಪೆಕ್ಟರನೂ ಬರುವುದಿಲ್ಲ. ಅಲ್ಲಿ ನಡೆಯುವುದು ಮನೆಯವರ ಮನಸ್ಸಾಕ್ಷಿಯ ಆಡಳಿತ. ಕಾಯಕದ ಹಿರಿಮೆಯನ್ನು ಕುರಿತು ಭಾಷಣ ಮಾಡುವ ನಾವು, ಕಾಯಕದಲ್ಲಿ ಕಾಲು ಸವೆಸಿದವರಿಗೆ ಒಂದು ಹಿಡಿಕೆಯನ್ನೂ ಕೊಡದಿದ್ದರೆ ಆ ಭಾಷಣಕ್ಕೆ ಬೆಲೆಯೇನು?

ವಿದ್ಯಾರ್ಥಿ ಮಿತ್ರರೇ, ನಾಳೆ ಮನೆ ಕಟ್ಟಿಸುವವರು ನೀವು. ಕೆಲವರು ಪಂಚಾಯಿತಿಯಲ್ಲಿ ಕುಳಿತು ಊರಿನ ಕಟ್ಟಡಗಳನ್ನು ಮಂಜೂರು ಮಾಡುವವರೂ ನೀವೇ. ಈ ರಜೆಯಲ್ಲಿ ಊರಿಗೆ ಹೋದಾಗ ಒಂದು ಅಳತೆಯ ಟೇಪು ತೆಗೆದುಕೊಂಡು ಬಚ್ಚಲಿನ ಬಾಗಿಲು, ಹೊಸ್ತಿಲು, ಮೆಟ್ಟಿಲುಗಳನ್ನು ಅಳೆದು ಒಂದು ಹಾಳೆಯಲ್ಲಿ ಬರೆಯಿರಿ. ಬಳಿಕ ಮನೆಯ ಹಿರಿಯರ ಬಳಿ ಕುಳಿತು, ಅಲ್ಲಿ ಯಾವುದು ಕಷ್ಟವಾಗುತ್ತದೆಂದು ಕೇಳಿರಿ. ಮೊದಲು ಅವರು "ಏನೂ ಇಲ್ಲ ಬಿಡಪಾ" ಎನ್ನುತ್ತಾರೆ. ಎರಡನೆಯ ಸಲ ಕೇಳಿರಿ. ಆಗ ಬರುವ ಉತ್ತರವನ್ನೂ ಅದೇ ಹಾಳೆಯಲ್ಲಿ ಬರೆದು, ಗೌಂಡಿಯನ್ನು ಕರೆಯಿರಿ.