ಪಂಚರ ಪಾಲುಪಟ್ಟಿ ಕೋರ್ಟಿನಲ್ಲಿ ನಿಲ್ಲುತ್ತದಾ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಎಷ್ಟೋ ಮನೆಗಳ ಟ್ರಂಕಿನಲ್ಲಿ ಒಂದು ಪಾಲುಪಟ್ಟಿ ಇರುತ್ತದೆ. ಹಿರಿಯರು ಗುಡಿಕಟ್ಟೆ ಮೇಲೆ ಕೂತು ಬರೆಸಿ, ಪಂಚರ ಸಹಿ ಹಾಕಿಸಿದ್ದು. ಸಬ್ ರಿಜಿಸ್ಟ್ರಾರ್ ಕಚೇರಿ ಕಂಡಿರುವುದಿಲ್ಲ. ಅಣ್ಣತಮ್ಮಂದಿರು ಚೆನ್ನಾಗಿರುವ ತನಕ ಅದೇ ಶಾಸನ. ಜಗಳ ಕೋರ್ಟಿಗೆ ಹೋದ ದಿನ ಎದುರು ವಕೀಲರ ಮೊದಲ ಮಾತೇ, "ಇದು ರಿಜಿಸ್ಟರ್ ಆಗಿಲ್ಲ ಸ್ವಾಮಿ."

ಅವರ ಮಾತಿಗೆ ಆಧಾರ ಇದೆ. 1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ 100 ರೂಪಾಯಿ ಮೇಲ್ಪಟ್ಟ ಸ್ಥಿರಾಸ್ತಿಯ ಹಕ್ಕು ಆ ಕಾಗದದಿಂದಲೇ ಹುಟ್ಟುವುದಾದರೆ ನೋಂದಣಿ ಕಡ್ಡಾಯ. (100 ರೂಪಾಯಿಗೆ ಈಗ ಹೊಲದ ಬದುವೂ ಬರುವುದಿಲ್ಲ!) ನೋಂದಣಿ ಇಲ್ಲದಿದ್ದರೆ ಪಾಲಾಯಿತು ಎನ್ನುವುದಕ್ಕೆ ಆ ಕಾಗದ ಸಾಕ್ಷ್ಯವಲ್ಲ ಎನ್ನುತ್ತದೆ 49ನೇ ಕಲಂ.

ಆದರೆ ಎಲ್ಲವೂ ಕಾಗದದಲ್ಲಿ ಏನು ಬರೆದಿದೆ ಎಂಬುದರ ಮೇಲೆ ನಿಂತಿದೆ. "ಇಂದಿನಿಂದ ಹಳ್ಳದ ಹೊಲ ಅಣ್ಣನಿಗೆ" ಎಂದಿದ್ದರೆ ನೋಂದಣಿ ಬೇಕು. "ಮೊದಲೇ ಬಾಯಿಮಾತಿನಲ್ಲಿ ಪಾಲಾಗಿದೆ, ನೆನಪಿಗೆ ಬರೆದಿಟ್ಟಿದ್ದೇವೆ" ಎಂದಿದ್ದರೆ ಬೇಡ. ಸುಪ್ರೀಂ ಕೋರ್ಟ್ ಇದನ್ನು 1976ರ ಕಾಳೆ ಪ್ರಕರಣದಲ್ಲೇ ಹೇಳಿದೆ. 2019ರಲ್ಲಿ ನಮ್ಮ ರಾಜ್ಯದ್ದೇ ತುಳಸೀಧರ ವಿರುದ್ಧ ನಾರಾಯಣಪ್ಪ ಪ್ರಕರಣದಲ್ಲಿ 1971ರ ನೋಂದಣಿಯಿಲ್ಲದ ಪಾಲುಪಟ್ಟಿಯನ್ನು ಪೂರಕ ಸಾಕ್ಷ್ಯವಾಗಿ ನೋಡಬಹುದು ಎಂದಿತು. ಒಪ್ಪಿ ಸಹಿ ಹಾಕಿ, ಅದರಂತೆ ನಡೆದುಕೊಂಡವರು ಆಮೇಲೆ ಉಲ್ಟಾ ಹೊಡೆಯುವಂತಿಲ್ಲ. ನನಗೆ ಇದು ನ್ಯಾಯವೇ ಅನಿಸುತ್ತದೆ.

ಸ್ಟಾಂಪಿನ ವಿಷಯ ಬೇರೆ. ಛಾಪಾ ಶುಲ್ಕ ಬೀಳುವ ಕಾಗದಕ್ಕೆ ಅದನ್ನು ಕಟ್ಟಿರದಿದ್ದರೆ, ಕರ್ನಾಟಕ ಸ್ಟಾಂಪ್ ಕಾಯ್ದೆಯ 34ನೇ ಕಲಂ ಪ್ರಕಾರ ಕೋರ್ಟು ಅದನ್ನು ಯಾವುದಕ್ಕೂ ನೋಡುವುದಿಲ್ಲ. ಶುಲ್ಕದ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಿದ ಮೇಲಷ್ಟೇ ದಾರಿ.

ಹಾಗಂತ ಪಾಲುಪಟ್ಟಿ ಪರ ಪೂರ್ತಿ ವಕಾಲತ್ತು ವಹಿಸಲು ನನಗೆ ಮನಸ್ಸಿಲ್ಲ. ಟ್ರಂಕಿನಲ್ಲಿರುವ ಆ ಕಾಗದಗಳಲ್ಲಿ ಅಕ್ಕತಂಗಿಯರ ಸಹಿ ಹುಡುಕಿ ನೋಡಿ, ಎಷ್ಟು ಸಿಗುತ್ತವೆ? ಹೆಣ್ಣುಮಕ್ಕಳಿಗೆ ಸಮಪಾಲು ಎಂದು 2005ರಲ್ಲಿ ಕಾನೂನು ಬಂದ ಮೇಲೆ, ಹಳೇ ತಾರೀಖು ಹಾಕಿ ಪಾಲುಪಟ್ಟಿ ಸೃಷ್ಟಿಸುವ ಆಸೆಗೆ ಬಾಗಿಲು ತೆರೆದಂತಾಯಿತು. ಅದಕ್ಕೇ 2020ರ ವಿನೀತಾ ಶರ್ಮಾ ತೀರ್ಪು ಬಿಗಿಯಾಗಿದೆ: ಬಾಯಿಮಾತಿನ ಪಾಲನ್ನು ಸುಲಭಕ್ಕೆ ಒಪ್ಪುವಂತಿಲ್ಲ, ಸರ್ಕಾರಿ ದಾಖಲೆಗಳ ಬೆಂಬಲ ಬೇಕು.

ನಿಮ್ಮ ಕಾಗದ ನಿಜವಾದದ್ದೇ ಆಗಿದ್ದರೆ ಪಹಣಿ, ಖಾತೆ, ಕಂದಾಯ ರಸೀದಿ ಅದೇ ಕಥೆ ಹೇಳುತ್ತವೆಯೇ ಎಂದು ಈಗಲೇ ನೋಡಿಕೊಳ್ಳಿ. ಹೊಸದಾಗಿ ಪಾಲಾಗುವವರು 11ಇ ನಕ್ಷೆಗೆ ಅಲೆದಾಡಬೇಕು, ನಿಜ. ಅಲೆದಾಡಿ, ರಿಜಿಸ್ಟರ್ ಮಾಡಿಸಿ. ಹೋಗುವಾಗ ತಂಗಿಯನ್ನೂ ಕರೆದುಕೊಂಡು ಹೋಗಿ.