ಕನಿಕರವೂ ಅನುಕಂಪವೂ

ಪರರ ದುಃಖಕ್ಕೆ ಮನಸ್ಸು ಮಿಡಿಯುವುದನ್ನು ಹೇಳಲು ಕನ್ನಡದಲ್ಲಿ ಶಬ್ದಗಳಿಗೆ ಬರವಿಲ್ಲ. ಕನಿಕರ, ಮರುಕ, ದಯೆ, ಕರುಣೆ, ಅನುಕಂಪ, ಸಹಾನುಭೂತಿ ಎಂದು ಸಾಲು ಬೆಳೆಯುತ್ತದೆ. ನಿಘಂಟುಗಳು ಒಂದಕ್ಕೆ ಇನ್ನೊಂದನ್ನು ಅರ್ಥವಾಗಿ ಕೊಡುವುದುಂಟು. ಆದರೆ ಬಳಕೆಯಲ್ಲಿ ಇವೆಲ್ಲ ಒಂದೇ ಅಲ್ಲ. ಕನಿಕರ ಪಡುವವನು ಸಾಮಾನ್ಯವಾಗಿ ದಡದ ಮೇಲೆ ನಿಂತಿರುತ್ತಾನೆ. 'ಮರುಗು' ಎಂಬ ಕ್ರಿಯಾಪದಕ್ಕೆ ಕುದಿಯುವುದು ಎಂಬ ಅರ್ಥವೂ ಇರುವುದರಿಂದ ಮರುಕದಲ್ಲಿ ಸ್ವಲ್ಪ ಬೇಗೆಯುಂಟು. ಅನುಕಂಪದಲ್ಲಿರುವುದು 'ಕಂಪ', ಎಂದರೆ ನಡುಕ. ಒಬ್ಬನು ನಡುಗಿದಾಗ ಅವನೊಡನೆ ಇನ್ನೊಬ್ಬನೂ ನಡುಗುವುದು. ಇಂದು ಈ ಶಬ್ದವನ್ನು ಬರಿಯ ಕನಿಕರಕ್ಕೆ ಬಳಸಿ ಸವೆಸಿದ್ದೇವೆ.

ಇನ್ನು 'ಅಯ್ಯೋ ಪಾಪ' ಎಂಬ ಉದ್ಗಾರ. ಮನೆಯಲ್ಲಿ ತೆಲುಗನ್ನೋ ತಮಿಳನ್ನೋ ಆಡುವ ಕೃಷ್ಣರಾಜಪುರದ ಹುಡುಗನೊಬ್ಬನು ತರಗತಿಯಲ್ಲಿ ಕನ್ನಡ ಪಾಠವನ್ನು ಓದುತ್ತ ತಡವರಿಸಿದನೆನ್ನಿ. ಹಿಂದಿನ ಸಾಲಿನಿಂದ ಕೇಳಿಬರುವ 'ಪಾಪ' ಅವನಿಗೆ ನಗೆಗಿಂತಲೂ ಹೆಚ್ಚು ಚುಚ್ಚುತ್ತದೆ. ಪಕ್ಕದವನು ಪುಸ್ತಕವನ್ನು ಸರಿಸಿ, ತೊಡಕಿನ ಶಬ್ದವನ್ನು ಮೆಲ್ಲನೆ ಉಚ್ಚರಿಸಿದರೆ ಅದರ ಮಾತೇ ಬೇರೆ.

ಇಂಗ್ಲಿಷಿನವರು ಈ ಎರಡನೆಯ ಬಗೆಯನ್ನು 'ಎಂಪಥಿ' ಎನ್ನುತ್ತಾರೆ. ಅದೇನೂ ಪ್ರಾಚೀನ ಶಬ್ದವಲ್ಲ. 'ಒಳಹೊಕ್ಕು ಅನುಭವಿಸುವುದು' ಎಂಬ ಅರ್ಥದ ಜರ್ಮನ್ ಶಬ್ದಕ್ಕೆ ಸಂವಾದಿಯಾಗಿ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟಿಚನರ್ 1909ರಲ್ಲಿ ಅದನ್ನು ಬಳಕೆಗೆ ತಂದನು. ಜರ್ಮನಿಯಲ್ಲಿ ಆ ಶಬ್ದ ಮೊದಲು ಸಲ್ಲುತ್ತಿದ್ದುದು ಕಲೆಯ ಚರ್ಚೆಯಲ್ಲಿ. ನಮ್ಮ ಅಲಂಕಾರಿಕರ 'ಸಹೃದಯ' ಇಲ್ಲಿ ನೆನಪಾಗುವುದು ಸಹಜ.

ಹಾಗಾದರೆ ಬಡತನವನ್ನು ಉಂಡವನೇ ಬಡವನನ್ನು ಅರಿಯಬಲ್ಲನೆ? ಹಲಸೂರು ಸೀಮೆಯಲ್ಲಿ ಹೆಸರಾದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ಬಡತನದಿಂದ ಮೇಲೆ ಬಂದವರು; ಅಠಾರಾ ಕಚೇರಿಯನ್ನು ಕಟ್ಟಿದ ಗುತ್ತಿಗೆದಾರರು. 1873ರಲ್ಲಿ ಅವರು ಬಡಮಕ್ಕಳಿಗಾಗಿ ದಂಡಿನ ಪ್ರದೇಶದಲ್ಲಿ ಶಾಲೆ ತೆರೆದರು. ತಾನು ನಡೆದ ದಾರಿಯ ಮುಳ್ಳು ನೆನಪಿದ್ದವನ ಕೆಲಸವದು. ಆದರೆ ಎಲ್ಲ ಮುಳ್ಳನ್ನೂ ಎಲ್ಲರೂ ತುಳಿದಿರುವುದಿಲ್ಲ.

ಶಿವಾಜಿನಗರದ ಗೋಷಾ ಆಸ್ಪತ್ರೆ ಈ ತೊಡಕಿಗೆ ಒಂದು ಉತ್ತರ. 'ಗೋಷಾ' ಎಂದರೆ ಪಾರಸಿಯಲ್ಲಿ ಮೂಲೆ; ಪರಪುರುಷರ ಕಣ್ಣಿಗೆ ಬೀಳದೆ ಮರೆಯಲ್ಲಿರುವ ಸ್ತ್ರೀಯರ ಪದ್ಧತಿಗೆ ಆ ಹೆಸರು ನಿಂತಿತು. ದಂಡಿನಲ್ಲಿ 1868ರಿಂದಲೂ ಬೌರಿಂಗ್ ಆಸ್ಪತ್ರೆಯಿತ್ತು. ಆದರೆ ಪುರುಷ ವೈದ್ಯನೆದುರು ಮುಖದೆರೆಯನ್ನು ಸರಿಸಲಾರದ ಹೆಂಗಸಿಗೆ ಹತ್ತಿರದ ಆಸ್ಪತ್ರೆಯೂ ದೂರವೇ. ಹೆರಿಗೆಯ ನೋವನ್ನು ಅವಳು ಮನೆಯ ಮೂಲೆಯಲ್ಲೇ ನುಂಗಬೇಕು. ಇಂಥವರಿಗೆಂದು ಆಸ್ಪತ್ರೆ ಏಳಲು ದಾನವಿತ್ತವರು ವರ್ತಕರಾದ ಹಾಜಿ ಸರ್ ಇಸ್ಮಾಯಿಲ್ ಸೇಠರು. ಅವರು ಪುರುಷರು, ಶ್ರೀಮಂತರು. ಗೋಷಾ ಧರಿಸಿದವರಲ್ಲ, ಹೆತ್ತವರೂ ಅಲ್ಲ. ತಾವು ಪಡದ ಕಷ್ಟವನ್ನು ಅವರು ಊಹಿಸಬೇಕಾಗಿತ್ತು.

ಆ ಪದ್ಧತಿಯನ್ನೇ ತೊಡೆಯಬೇಕಾಗಿತ್ತಲ್ಲದೆ ಅದಕ್ಕೊಂದು ಆಸ್ಪತ್ರೆ ಕಟ್ಟಬೇಕಾಗಿತ್ತೆ ಎಂದು ಕೇಳುವವರಿರಬಹುದು. ಪ್ರಶ್ನೆ ಸಣ್ಣದಲ್ಲ. ಆದರೆ ಸಮಾಜಸುಧಾರಣೆ ಮುಗಿಯುವ ತನಕ ಬೇನೆ ತಡೆಯುವುದಿಲ್ಲ. ಮರೆಯಿಂದ ಹೊರಗೆ ಬಂದರೆ ಚಿಕಿತ್ಸೆ ಎಂದು ಷರತ್ತು ಹಾಕುವುದು ಸುಲಭ; ಅವಳು ಇರುವಲ್ಲಿಂದಲೇ ಲೋಕವನ್ನು ನೋಡಿ, ಅವಳು ಬರಬಹುದಾದ ಬಾಗಿಲೊಂದನ್ನು ತೆರೆಯುವುದು ಕಷ್ಟ.

ಆ ಬಾಗಿಲಲ್ಲಿ ಈಗ ಎಲ್ಲ ಮತದ ತಾಯಂದಿರೂ ಕೂಸುಗಳನ್ನು ಎತ್ತಿಕೊಂಡು ಬರುತ್ತಾರೆ. ಹೆಸರಿನಲ್ಲಿ ಮಾತ್ರ ಗೋಷಾ ಉಳಿದಿದೆ. ಅದರ ಅರ್ಥವೇನೆಂದು ಅವರಲ್ಲಿ ಅನೇಕರು ಕೇಳಿರಲಾರರು.